ವಡಪಳನಿಯಲ್ಲಿ ಮೂರು ಪದರದ ಹಾಸಿಗೆ

ಮುಹೂರ್ತದ ದಿನ ಮದರಾಸಿನ ವಡಪಳನಿಯ ಬೀದಿಗಳಲ್ಲಿ ಹಾಸಿಗೆಗಳು ಮೆರವಣಿಗೆ ಹೊರಡುತ್ತವೆ. ಮುರುಗನ ಗುಡಿಯಲ್ಲಿ ಬೆಳಗಿನ ಜಾವದಿಂದಲೇ ಒಂದರ ಹಿಂದೊಂದು ಮದುವೆ. ಮಾಲೆ ಹಾಕಿಕೊಂಡ ಜೋಡಿಗಳು ಗೋಪುರದೆದುರು ಫೋಟೋಕ್ಕೆ ನಿಂತಿರುವಾಗಲೇ ಅತ್ತ ಆರ್ಕಾಟ್ ರಸ್ತೆಯಲ್ಲಿ, ಮೆಟ್ರೋ ಕಾಮಗಾರಿಯ ತಗಡಿನ ಬೇಲಿಯ ಪಕ್ಕ, ಹೆಣ್ಣಿನ ಕಡೆಯವರ ಸೀರ್ ವರಿಸೈ, ಅಂದರೆ ಬಳುವಳಿ, ಹೊತ್ತ ಗಾಡಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರುತ್ತದೆ. ಟಾಟಾ ಏಸ್‌ಗೆ ಇಲ್ಲಿಯವರು ಕರೆಯುವುದು ‘ಕುಟ್ಟಿ ಯಾನೈ’ ಎಂದು, ಮರಿಯಾನೆ. ಅದರ ಬೆನ್ನಿನ ಮೇಲೆ ಸ್ಟೀಲ್ ಬೀರು, ಬಿಡಿಸಿಟ್ಟ ಮಂಚ, ಗ್ರೈಂಡರ್, ಹಿತ್ತಾಳೆಯ ಕುತ್ತುವಿಳಕ್ಕು ದೀಪ. ಎಲ್ಲದರ ಮೇಲೆ ಪ್ಲಾಸ್ಟಿಕ್ ಬಿಚ್ಚದ ಹೊಸ ಹಾಸಿಗೆ. ಅದರ ಮೇಲೆ ಹುಡುಗಿಯ ತಮ್ಮನೋ ಸೋದರಮಾವನ ಮಗನೋ ಒಬ್ಬ ಕಾಲು ಇಳಿಬಿಟ್ಟು ಕುಳಿತು ಫೋನ್ ನೋಡುತ್ತಿರುತ್ತಾನೆ. ಹಾಸಿಗೆ ಹಾರಿ ಹೋಗದಂತೆ ನೋಡಿಕೊಳ್ಳುವುದು ಆ ದಿನದ ಮಟ್ಟಿಗೆ ಅವನ ಉದ್ಯೋಗ.

ಈ ಊರಿನಲ್ಲಿ ಹಾಸಿಗೆಗೆ ಬೇರೆಯ ಉಪಯೋಗವೂ ಉಂಟು, ಬೀಳುವುದಕ್ಕೆ. ಎ.ವಿ.ಎಂ. ಸ್ಟುಡಿಯೋ ಇಲ್ಲಿಯದು. ವಿಜಯ-ವಾಹಿನಿ ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಆಸ್ಪತ್ರೆಯೂ ಮಾಲೂ ಎದ್ದಿವೆ. ಕನ್ನಡ ಸಿನಿಮಾ ಬೆಂಗಳೂರಿಗೆ ಗಂಟುಮೂಟೆ ಕಟ್ಟುವವರೆಗೆ ನಮ್ಮ ಎಷ್ಟೋ ಚಿತ್ರಗಳು ಈ ಸುತ್ತಿನ ಫ್ಲೋರುಗಳಲ್ಲೇ ತಯಾರಾದವು. ಸ್ಟಂಟ್ ಕಲಾವಿದರ ಸಂಘದ ಕಚೇರಿ ಇವತ್ತಿಗೂ ವಡಪಳನಿಯಲ್ಲೇ ಇದೆ. ಮಾಳಿಗೆಯಿಂದ ಹಾರುವವನ ಕೆಳಗೆ ಹರಡುವ ಫೋಮಿಗೆ ಅವರು ಹೇಳುವುದು ‘ಬೆಡ್’ ಎಂದೇ. ನಮ್ಮ ಓಣಿಯ ಕೊನೆಯ ಮನೆಯ ಹಿರಿಯರು ಒಂದು ಕಾಲದಲ್ಲಿ ಆ ಬೆಡ್ಡಿನ ಮೇಲೆ ಬಿದ್ದೇ ಸಂಸಾರ ಸಾಕಿದವರು. ಹಾಸಿಗೆಯ ವಿಷಯದಲ್ಲಿ ಅವರ ಸಿದ್ಧಾಂತ ಚಿಕ್ಕದು: ಅಡಿಯದು ಗಟ್ಟಿ, ಮೇಲಿನದು ಮೆತ್ತಗೆ. ಎರಡೂ ಮೆತ್ತಗಾದರೆ ನೆಲ ಬಡಿಯುತ್ತದೆ, ಎರಡೂ ಗಟ್ಟಿಯಾದರೆ ಬೆನ್ನು ಹೋಗುತ್ತದೆ. ಹಾಸಿಗೆ ಕಂಪನಿಗಳ ಬಣ್ಣದ ಪುಸ್ತಕಗಳು ಪುಟಗಟ್ಟಲೆ ಹೇಳುವುದರಲ್ಲಿ ಇದಕ್ಕಿಂತ ಹೆಚ್ಚಿನದು ನನಗೆ ಕಂಡಿಲ್ಲ.

ನಮ್ಮ ಮನೆಯ ಹಳೆಯ ಹಾಸಿಗೆ ನಡುವಿನಲ್ಲಿ ತಗ್ಗಾಗಿ ಬಹಳ ಕಾಲವಾಗಿತ್ತು. ಇಬ್ಬರೂ ಒಂದೊಂದು ಅಂಚಿನಲ್ಲಿ ಮಲಗಿ ಬೆಳಿಗ್ಗೆ ತಗ್ಗಿನಲ್ಲಿ ಏಳುವುದು ರೂಢಿಯಾಗಿಬಿಟ್ಟಿತ್ತು. ಸುಳ್ಯದಿಂದ ಬಂದ ಅಮ್ಮ ಅದರಲ್ಲಿ ಮಲಗಿ, “ಎಂತ ಮಾರಾಯ್ತಿ ಇದು, ಏಳಲಿಕ್ಕೆ ಜನ ಬೇಕಲ್ಲ!” ಎಂದ ಮೇಲೆ ಅದಕ್ಕೆ ವಿದಾಯ ಹೇಳುವುದೆಂದಾಯಿತು. ಬಿಸಾಡುವುದು ಹೇಗೂ ನಿಶ್ಚಯ, ಒಳಗೆ ಏನಿದೆ ಎಂದಾದರೂ ನೋಡುವ ಎಂದು ಅಂಚಿನ ಪೈಪಿಂಗಿಗೆ ಕತ್ತರಿ ಹಾಕಿದೆ.

ಲೇಬಲ್ಲಿನಲ್ಲಿ ‘ಲೇಟೆಕ್ಸ್’ ಎಂದು ದಪ್ಪ ಅಕ್ಷರ ಇತ್ತು, ಅಂದರೆ ರಬ್ಬರ್ ಹಾಲಿನದು. ಸುಳ್ಳಲ್ಲ. ಹೂವಿನ ಹೊಲಿಗೆಯ ಬಟ್ಟೆಯ ಕೆಳಗೆ ಒಂದೇ ಒಂದು ಇಂಚಿನ ಲೇಟೆಕ್ಸ್ ಹಾಳೆ ಇತ್ತು, ಕೆನೆಬಣ್ಣದ್ದು, ಉದ್ದಕ್ಕೂ ಬೆರಳು ತೂರುವಷ್ಟು ತೂತುಗಳು. ಅದರ ಕೆಳಗೆ ಮಾಮೂಲಿ ಪಿಯು ಫೋಮ್, ಹಳದಿಗಟ್ಟಿ, ಒತ್ತಿದರೆ ಒತ್ತಿದಲ್ಲೇ ಉಳಿಯುವಷ್ಟು ಸತ್ತು ಹೋದದ್ದು. ತಳದಲ್ಲಿ ಗುಲಾಬಿ, ನೀಲಿ, ಹಸಿರು ಫೋಮಿನ ಚೂರುಗಳನ್ನು ಒತ್ತಿ ಅಂಟಿಸಿದ ರೀಬಾಂಡೆಡ್ ಹಲಗೆ. ಮೇಲಿನ ಲೇಟೆಕ್ಸಿಗೆ ಏನೂ ಆಗಿರಲಿಲ್ಲ, ಹೆಬ್ಬೆರಳು ಒತ್ತಿ ಬಿಟ್ಟರೆ ಪಟ್ಟನೆ ಮೇಲೆ ಬರುತ್ತಿತ್ತು. ತಳದ ಹಲಗೆಯೂ ಗಟ್ಟಿಮುಟ್ಟು. ಕೆಟ್ಟದ್ದು ನಡುವಿನದು ಮಾತ್ರ. ಆದರೆ ಮೂರನ್ನೂ ಒಂದಕ್ಕೊಂದು ಅಂಟು ಹಾಕಿ, ಸುತ್ತ ಹೊಲಿದು ಬಾಯಿ ಮುಚ್ಚಿದ್ದರು. ಒಂದು ಪದರ ಕೆಟ್ಟರೆ ಇಡೀ ಹಾಸಿಗೆ ರಸ್ತೆಗೆ. ಅಂಟು ಹಾಕುವುದರಲ್ಲಿ ವ್ಯಾಪಾರದ ಜಾಣತನವಿದೆ ಎಂದು ನನಗೆ ಆಗಲೇ ಅನಿಸಿತು.

ಹತ್ತಿ ಹಾಸಿಗೆಯ ಕಾಲದಲ್ಲಿ ಹೀಗಿರಲಿಲ್ಲ. ಹಾಸಿಗೆ ಗಂಟುಗಟ್ಟಿದರೆ ಪಿಂಜಾರರು ಬರುತ್ತಿದ್ದರು. ಅಂಗಳದಲ್ಲಿ ಹೊಲಿಗೆ ಬಿಚ್ಚಿ ಹತ್ತಿ ಸುರಿದು, ಬಿಲ್ಲಿನ ನರಕ್ಕೆ ಮರದ ಕೊಡತಿ ಬಡಿದು ಹಿಂಜಿ, ಸಾಲದ್ದಕ್ಕೆ ಹೊಸ ಹತ್ತಿ ಸೇರಿಸಿ, ಮತ್ತೆ ತುಂಬಿ, ದಬ್ಬಣದಲ್ಲಿ ಟಾಕೆ ಹಾಕಿ ಕೊಟ್ಟರೆ ಹಾಸಿಗೆ ಹೊಸತು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಡುವ ಕೆಲಸ ಅದು, ಸುಲಭದ್ದೆಂದು ಹೇಳಲಾರೆ. ಮದರಾಸಿನಲ್ಲಿ ಬೂರುಗದ ಹತ್ತಿಗೆ ಮರ್ಯಾದೆ ಹೆಚ್ಚು. ಇಲವಂ ಪಂಜು ಮೈಗೆ ತಂಪು ಎಂದು ಇಲ್ಲಿಯ ಹಿರಿಯರು ಈಗಲೂ ಅದನ್ನೇ ಬಯಸುತ್ತಾರೆ. ನಮ್ಮ ಮೇಲಿನ ಮನೆಯ ಮಾಮಿಯ ಹಾಸಿಗೆ ಅವರ ಮದುವೆಯಲ್ಲಿ ಬಂದದ್ದು. ಬಟ್ಟೆ ಎಷ್ಟು ಸಲ ಬದಲಾಯಿತೋ, ಹತ್ತಿ ಎಷ್ಟು ಸಲ ಸೇರಿತೋ ಅವರಿಗೇ ಲೆಕ್ಕವಿಲ್ಲ. ಆದರೂ ಅದು ‘ಮದುವೆಯ ಹಾಸಿಗೆ’. ಬಿಚ್ಚಲು ಬರುವ ವಸ್ತುವಿಗೆ ಆಯುಸ್ಸು ಬೇರೆಯೇ ರೀತಿಯದು.

ಹಾಗಾಗಿ ನಾವು ಹೊಸ ಹಾಸಿಗೆ ಕೊಳ್ಳಲಿಲ್ಲ; ಪದರಗಳನ್ನು ಕೊಂಡೆವು. ಲೇಟೆಕ್ಸ್ ಹಾಳೆಗಳನ್ನು ಬಿಡಿಯಾಗಿ ತಂದು, ಒಂದರ ಮೇಲೊಂದು ಹಾಸಿ, ಜಿಪ್ ಇರುವ ಗವಸಿನಲ್ಲಿ ಕೂಡಿಸಿದರೆ ಹಾಸಿಗೆಯಾಯಿತು. ಅಂಟು ಬೇಡ. ಲೇಟೆಕ್ಸಿನ ಮೇಲೆ ಲೇಟೆಕ್ಸ್ ಇಟ್ಟರೆ ಜಾರುವುದೇ ಇಲ್ಲ. ಹೊರದೇಶಗಳಲ್ಲಿ ಹೀಗೆ ಮನೆಯಲ್ಲೇ ಹಾಸಿಗೆ ಕಟ್ಟಿಕೊಳ್ಳುವವರು ಬಹಳ. ಅಲ್ಲಿ ಮೂರು ಮೂರು ಇಂಚಿನ ಹಾಳೆ, ಬೆಂಕಿ ಹಿಡಿಯದಿರಲು ಗವಸಿನೊಳಗೆ ಕುರಿ ಉಣ್ಣೆಯ ಪದರ. ವಡಪಳನಿಯ ಮೇ ತಿಂಗಳಲ್ಲಿ ಉಣ್ಣೆಯ ಮೇಲೆ ಮಲಗು ಎಂದು ವೈರಿಗೂ ಹೇಳಬಾರದು. ನಾವು ಎರಡು ಇಂಚಿನ ಮೂರು ಹಾಳೆ ಎಂದು ನಿಶ್ಚಯಿಸಿ, ವಲಸರವಾಕ್ಕಂ ಆಚೆಯ ಗೋದಾಮೊಂದಕ್ಕೆ ಹೋದೆವು.

ಗೋದಾಮಿನೊಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಊರಿನ ರಬ್ಬರ್ ತೋಟ ಬಡಿಯಿತು. ಸ್ವಲ್ಪ ಸಿಹಿ, ಸ್ವಲ್ಪ ಹುಳಿ, ಕೊನೆಗೆ ಎಲ್ಲೋ ಗಂಧಕ. ಗೋಡೆಗೆ ಒರಗಿಸಿದ ಹಾಳೆಗಳ ಬೆನ್ನಿಗೆ ಪೆನ್ನಿನಲ್ಲಿ 65, 75, 85, 95 ಎಂದು ಬರೆದಿತ್ತು. ಅದು ಸಾಂದ್ರತೆ, ಒಂದು ಘನ ಮೀಟರಿಗೆ ಎಷ್ಟು ಕಿಲೋ ಎಂಬ ಲೆಕ್ಕ. ಅಂಕಿ ಏರಿದಷ್ಟೂ ಗಟ್ಟಿ. ಅಮೆರಿಕದವರು ಇದನ್ನು ಬೇರೆ ರೀತಿ ಅಳೆಯುತ್ತಾರೆ. ನಾಲ್ಕು ಇಂಚಿನ ಫೋಮಿನ ಮೇಲೆ 50 ಚದರ ಇಂಚಿನ ತಟ್ಟೆ ಇಟ್ಟು, ಫೋಮ್ ಕಾಲುಭಾಗ ಕುಗ್ಗಲು ಎಷ್ಟು ಪೌಂಡು ಭಾರ ಬೇಕು ಎಂದು ನೋಡುವುದು. ನಮ್ಮ ಗೋದಾಮಿನ ಹುಡುಗ ಅಳೆಯುತ್ತಿದ್ದದ್ದು ಮೊಣಕೈಯಿಂದ. “ಇದು ಕೀಳೆ, ಇದು ನಡುವುಲೆ, ಇದು ಮೇಲೆ” ಎಂದು ಮೂರನ್ನು ತೋರಿಸಿ, ಅನುಮಾನವಿದ್ದರೆ ಮಲಗಿ ನೋಡಿ ಎಂದ. ನಮ್ಮ ಯಜಮಾನರು ಚಪ್ಪಲಿ ಬಿಟ್ಟು ಮಲಗಿಯೇಬಿಟ್ಟರು.

ಯಾರಿಗೆ ಯಾವುದು ಎಂಬುದು ಮಲಗುವ ಭಂಗಿಯ ಮೇಲೆ ಹೋಗುತ್ತದೆ. ಪಕ್ಕಕ್ಕೆ ತಿರುಗಿ ಮಲಗುವವರ ಭುಜ, ಸೊಂಟ ಎರಡೂ ಚಾಚಿಕೊಂಡಿರುತ್ತವೆ. ಅವು ಒಳಗಿಳಿಯಲು ಮೇಲಿನ ಪದರ ಜಾಗ ಕೊಡಬೇಕು, ಇಲ್ಲದಿದ್ದರೆ ಬೆಳಿಗ್ಗೆ ತೋಳು ಜೋಮು. ಅಂಗಾತ ಮಲಗುವವರಿಗೆ ಅಷ್ಟು ಆಳ ಬೇಡ, ಸೊಂಟ ಕೆಳಗೆ ಹೋದಷ್ಟೂ ಬೆನ್ನು ಬಾಗುತ್ತದೆ. ಬೋರಲು ಮಲಗುವವರಿಗೆ ಗಟ್ಟಿಯದೇ ಸರಿ. ದೇಹದ ತೂಕವೂ ಲೆಕ್ಕಕ್ಕೆ ಬರುತ್ತದೆ. ಐವತ್ತು ಕಿಲೋದವರಿಗೆ ಗಟ್ಟಿ ಎನಿಸಿದ್ದು ತೊಂಬತ್ತರವರಿಗೆ ಹದ. ನಮ್ಮ ಮಂಚ 75 ಇಂಚು ಉದ್ದ, 60 ಅಗಲ. ಅಡಿಗೆ 85, ನಡುವಿಗೆ 75, ಮೇಲಕ್ಕೆ 65 ಎಂದು ಆರಿಸಿದೆವು. ಒಟ್ಟು ತೂಕ ಹೆಚ್ಚು ಕಡಿಮೆ 33 ಕಿಲೋ. ತೂಕವೇ ಒಂದು ಪರೀಕ್ಷೆ. ಅಪ್ಪಟ ಲೇಟೆಕ್ಸ್ ಎಂದು ಹೇಳಿ ಆರಿಂಚಿನ ಹಾಸಿಗೆಯನ್ನು ಒಬ್ಬನೇ ಹೆಗಲಿಗೇರಿಸಿಕೊಂಡು ನಗುನಗುತ್ತಾ ಮೆಟ್ಟಿಲು ಹತ್ತಿದರೆ, ಒಳಗೆ ಇರುವುದು ಬೇರೆ ಏನೋ ಎಂದು ತಿಳಿಯಬೇಕು.

ದರದ ಮಾತು ಆಡಿದವಳು ನಾನು. ನನ್ನ ತಮಿಳು ಕೇಳಿ ಗೋದಾಮಿನ ಮಾಲೀಕರು ತಲೆಯೆತ್ತಿ, “ನೀಂಗ ಇಲಂಗೈಯಾ?” ಎಂದು ಕೇಳಿದರು. ಲಂಕೆಯವಳೇ ಎಂದು. ಆ ಪ್ರಶ್ನೆ ನನಗೆ ಈ ಊರಿನಲ್ಲಿ ಆಗಾಗ ಎದುರಾಗುತ್ತದೆ, ಕಾರಣವೂ ಉಂಟು. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಮಾಡಿಕೊಂಡ ಒಪ್ಪಂದದಂತೆ ಲಂಕೆಯ ತೋಟಗಳಲ್ಲಿ ದುಡಿಯುತ್ತಿದ್ದ ಲಕ್ಷಾಂತರ ತಮಿಳರು ಭಾರತಕ್ಕೆ ಮರಳಿದರು. ಅವರಲ್ಲಿ ಒಂದಿಷ್ಟು ಕುಟುಂಬಗಳು ನಮ್ಮ ಸುಳ್ಯ, ಪುತ್ತೂರು ಸೀಮೆಗೆ ಬಂದವು. ಕಾಡಿನ ನಡುವೆ ಸರಕಾರ ಎಬ್ಬಿಸಿದ ರಬ್ಬರ್ ತೋಟದಲ್ಲಿ ಅವರಿಗೆ ಕೆಲಸ. ತೋಟ ಈಗ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ್ದು. ಶಾಲೆಯಲ್ಲಿ ನನ್ನ ಪಕ್ಕ ಕೂತವರು ಅವರ ಮನೆಯ ಮಕ್ಕಳು. ಅವರು ನನ್ನಿಂದ ಕನ್ನಡದ ಕಾಗುಣಿತ ನೋಡಿ ಬರೆದರು, ನಾನು ಅವರಿಂದ ತಮಿಳು ಕಲಿತೆ. ಆ ತಮಿಳು ಕಂಡಿಯ ಬೆಟ್ಟದಿಂದ ಸುಳ್ಯಕ್ಕೆ ಇಳಿದು, ನನ್ನ ಜೊತೆ ರೈಲು ಹತ್ತಿ, ವಲಸರವಾಕ್ಕಂ ಆಚೆ ಲೇಟೆಕ್ಸಿಗೆ ಚೌಕಾಶಿ ಮಾಡುತ್ತಿತ್ತು. ಮಾಲೀಕರಿಗೆ ಇಷ್ಟೂ ಕಥೆ ಹೇಳಿದೆ. ದರ ಇಳಿಯಲಿಲ್ಲ, ಚಹಾ ಬಂತು.

ರಬ್ಬರ್ ಮರದ ಹಾಲು ತೆಗೆಯುವುದನ್ನು ನೋಡದವರಿಗೆ ಈ ಹಾಳೆಯ ಬೆಲೆ ಅರ್ಥವಾಗುವುದು ಕಷ್ಟ. ಗಿಡ ನೆಟ್ಟು ಏಳು ವರ್ಷ ಕಾಯಬೇಕು. ಆಮೇಲೆ ನಸುಕಿನಲ್ಲಿ, ಹಣೆಗೆ ಟಾರ್ಚು ಕಟ್ಟಿಕೊಂಡು, ಮರದಿಂದ ಮರಕ್ಕೆ. ಬಿಸಿಲೇರಿದರೆ ಮರದೊಳಗಿನ ಒತ್ತಡ ತಗ್ಗಿ ಹಾಲು ಕಡಿಮೆಯಾಗುತ್ತದೆ. ಕತ್ತಿಯ ಬಾಯಿ ಎಡದ ಮೇಲಿನಿಂದ ಬಲದ ಕೆಳಕ್ಕೆ ಓರೆಯಾಗಿ ಇಳಿಯಬೇಕು. ತೊಗಟೆಯೊಳಗೆ ಹಾಲಿನ ನಾಳಗಳು ತುಸು ವಾಲಿಕೊಂಡು ಮೇಲೇರುವುದರಿಂದ ಹಾಗೆ ಕೊಯ್ದಾಗ ಹೆಚ್ಚು ನಾಳಗಳು ಬಾಯ್ದೆರೆಯುತ್ತವೆ. ಕೊಯ್ಯುವುದು ಕಾಗದದಷ್ಟು ತೆಳ್ಳಗೆ. ಕತ್ತಿ ಒಂದು ಕೂದಲೆಳೆ ಆಳಕ್ಕೆ ಹೋಗಿ ಮರಕ್ಕೆ ತಾಗಿತೋ, ಆ ಜಾಗ ಗಂಟು ಕಟ್ಟಿ ಮತ್ತೆ ಹಾಲು ಕೊಡುವುದಿಲ್ಲ. ಗೆರಟೆಗೆ ತೊಟ್ಟಿಕ್ಕಿದ ಹಾಲನ್ನು ನಮ್ಮಲ್ಲಿ ಹೆಚ್ಚಿನವರು ಆಸಿಡ್ ಹಾಕಿ ಗಟ್ಟಿ ಮಾಡಿ, ಮೆಶಿನಿನಲ್ಲಿ ಒತ್ತಿ, ಹೊಗೆಯಲ್ಲಿ ಒಣಗಿಸಿ ಶೀಟ್ ಮಾಡುತ್ತಾರೆ. ಅದು ಟಯರಿಗೆ ಹೋಗುವ ಮಾಲು. ಹಾಸಿಗೆಗೆ ಬೇಕಾದದ್ದು ಹಾಲು ಹಾಲಾಗಿಯೇ. ಹುಳಿಯದಂತೆ ಅಮೋನಿಯ ಬೆರೆಸಿ, ಬ್ಯಾರಲ್ಲಿನಲ್ಲಿ ಕಾರ್ಖಾನೆಗೆ ಕಳಿಸಿ, ಅಲ್ಲಿ ಗಿರ್ರನೆ ತಿರುಗಿಸಿ ನೀರು ಬೇರ್ಪಡಿಸುತ್ತಾರೆ. ಮರದಿಂದ ಬರುವಾಗ ಮೂರರಲ್ಲಿ ಒಂದು ಪಾಲಿನಷ್ಟಿದ್ದ ರಬ್ಬರ್ ಆಗ ಶೇ. 60ಕ್ಕೆ ಏರುತ್ತದೆ.

ಅಲ್ಲಿಂದ ಮುಂದಿನದು ಒಂದು ನೂರು ವರ್ಷದ ಹಿಂದಿನವರೆಗೂ ಯಾರಿಗೂ ಗೊತ್ತಿರಲಿಲ್ಲ. ಗಂಧಕ ಹಾಕಿ ರಬ್ಬರನ್ನು ಬೇಯಿಸುವ ವಿದ್ಯೆಯನ್ನು ಚಾರ್ಲ್ಸ್ ಗುಡ್‌ಇಯರ್ 1839ರಲ್ಲೇ ಕಂಡುಕೊಂಡಿದ್ದ. ಆದರೆ ಹಾಲಿನೊಳಗೆ ಗಾಳಿ ತುಂಬಿ ಅದನ್ನು ನಿಲ್ಲಿಸಿಕೊಳ್ಳುವ ಉಪಾಯ ಸಿಕ್ಕಿದ್ದು 1929ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿದ್ದ ಡನ್‌ಲಪ್ ಕಂಪನಿಯ ಪ್ರಯೋಗಾಲಯದಲ್ಲಿ. ಇ.ಎ. ಮರ್ಫಿ ಎಂಬ ವಿಜ್ಞಾನಿ ಅಡುಗೆಮನೆಯ ಮೊಟ್ಟೆ ಕಡೆಯುವ ಯಂತ್ರದಲ್ಲಿ ಹಾಲನ್ನು ನೊರೆ ಬರಿಸಿದ ಎಂದು ಕಥೆ. ಅದು ಅವನ ಹೆಂಡತಿಯದಾಗಿತ್ತು ಎಂದು ಕೆಲವರು ಸೇರಿಸುತ್ತಾರೆ; ಆಕೆ ಏನೆಂದಳು ಎಂದು ಮಾತ್ರ ಯಾರೂ ಬರೆದಿಟ್ಟಿಲ್ಲ. ಹಾಲಿಗೆ ಸೋಪು, ಗಂಧಕ, ಸತುವಿನ ಆಕ್ಸೈಡ್ ಪುಡಿ ಬೆರೆಸಿ ಕಡೆದು, ನೊರೆ ಹೆಪ್ಪುಗಟ್ಟುವ ಮದ್ದು ಹಾಕಿ, ಅಚ್ಚಿಗೆ ಸುರಿದು ಹಬೆಯಲ್ಲಿ ಬೇಯಿಸುವುದು. ಅಚ್ಚಿನ ತುಂಬ ಸಾಲು ಸಾಲು ಅಲ್ಯೂಮಿನಿಯಂ ಕಡ್ಡಿಗಳು. ಕಡ್ಡಿಗಳ ಮೂಲಕ ಬಿಸಿ ನಡುಭಾಗಕ್ಕೂ ತಲಪುತ್ತದೆ. ಹಾಳೆಯ ಉದ್ದಕ್ಕೂ ಕಾಣುವ ತೂತುಗಳು ಆ ಕಡ್ಡಿಗಳು ಬಿಟ್ಟುಹೋದ ಗುರುತು. ಬೆಂದ ಮೇಲೆ ತೊಳೆಯುವುದು, ಹಿಂಡುವುದು, ಒಣಗಿಸುವುದು. ತೊಳೆದಷ್ಟೂ ವಾಸನೆ ಕಡಿಮೆ, ಚರ್ಮಕ್ಕೆ ಆಗದ ಅಂಶಗಳೂ ಕಡಿಮೆ. ಅಚ್ಚಿನಲ್ಲಿ ಭಾರದ ಅಂಶ ಸ್ವಲ್ಪ ತಳಕ್ಕೆ ಇಳಿಯುವುದರಿಂದ ಡನ್‌ಲಪ್ ವಿಧಾನದ ಹಾಳೆ ಒಂದು ಮುಖ ಗಟ್ಟಿ, ಇನ್ನೊಂದು ತುಸು ಮೆತ್ತಗೆ. ಟಾಲಲೆ ಎಂಬ ಇನ್ನೊಂದು ವಿಧಾನವಿದೆ. ಅಚ್ಚಿನ ಗಾಳಿ ಎಳೆದು, ನೊರೆಯನ್ನು ಹೆಪ್ಪುಗಟ್ಟುವಷ್ಟು ತಣಿಸಿ ಆಮೇಲೆ ಬೇಯಿಸುತ್ತಾರೆ. ಅದು ಎಲ್ಲ ಕಡೆ ಒಂದೇ ಹದ, ಬೆಲೆಯೂ ಹೆಚ್ಚು. ನಮ್ಮ ದೇಶದ ಹಾಸಿಗೆಗಳಲ್ಲಿ ಹೆಚ್ಚಾಗಿ ಸಿಗುವುದು ಡನ್‌ಲಪ್ ವಿಧಾನದ್ದೇ.

ಮದರಾಸಿಗೆ ಈ ಹಾಲಿನ ನಂಟು ಹಳೆಯದು. ಕೆ.ಎಂ. ಮಾಮ್ಮೆನ್ ಮಾಪ್ಪಿಳ್ಳೈ 1946ರಲ್ಲಿ ತಿರುವೊಟ್ಟಿಯೂರಿನ ಒಂದು ಶೆಡ್ಡಿನಲ್ಲಿ ಮಕ್ಕಳ ಬಲೂನು ಮಾಡುತ್ತಿದ್ದರು. ಆ ಶೆಡ್ಡೇ ಮುಂದೆ ಎಂ.ಆರ್.ಎಫ್. ಟಯರ್ ಕಂಪನಿಯಾಯಿತು. ಲೇಟೆಕ್ಸ್ ಹಾಸಿಗೆಗೆ ತಮಿಳುನಾಡಿನಲ್ಲಿ ಎಲ್ಲರೂ ಹೇಳುವ ಎಂ.ಎಂ. ಫೋಮ್ ರಾಣಿಪೇಟೆಯ ಕಾರ್ಖಾನೆಯದು. ನಮ್ಮ ಕರ್ನಾಟಕದಲ್ಲಾದರೆ ಹಾಸಿಗೆ ಎಂದರೆ ಕರ್ಲಾನ್. 1962ರಲ್ಲಿ ಮಣಿಪಾಲದ ಬಳಗದಲ್ಲಿ ಹುಟ್ಟಿದ ಆ ಕಂಪನಿ ತೆಂಗಿನ ನಾರಿಗೆ ಲೇಟೆಕ್ಸ್ ಸಿಂಪಡಿಸಿ ಹಾಸಿಗೆ ಮಾಡಿತು. ರಬ್ಬರ್ ಹಾಲಿನ ಮೇಲೆ ನಾವು ಮಲಗುತ್ತಿರುವುದು ನಿನ್ನೆ ಮೊನ್ನೆಯಿಂದ ಅಲ್ಲ.

ಗವಸು ಹೊಲಿಯಲು ಒಪ್ಪಿಕೊಂಡವರು ನಮ್ಮ ಓಣಿಯ ಟೈಲರ್ ಅಣ್ಣ. ಸಿನಿಮಾದ ಕಾಸ್ಟ್ಯೂಮ್ ವಿಭಾಗದಲ್ಲಿ ದುಡಿದ ಕೈ. ರಾಜರ ನಿಲುವಂಗಿ, ಪೊಲೀಸರ ಖಾಕಿ, ಡ್ಯಾನ್ಸರುಗಳ ಜರಿ ಎಲ್ಲ ಹೊಲಿದು, ಈಗ ಮನೆಯ ಮುಂಭಾಗದಲ್ಲೇ ಒಂದು ಮೆಶಿನ್ ಹಾಕಿಕೊಂಡಿದ್ದಾರೆ. ಹಾಸಿಗೆಗೆ ಅಂಗಿ ಎಂದಾಗ ಅವರಿಗೆ ನಗು. “ಹೀರೋ ಯಾರು ಅಕ್ಕಾ?” ಎಂದರು. ಮೇಲಿನ ಮುಖಕ್ಕೆ ತಿರುಪ್ಪೂರಿನ ಹತ್ತಿಯ ಬನಿಯನ್ ಬಟ್ಟೆ, ದಪ್ಪದ್ದು. ಲೇಟೆಕ್ಸ್ ಎಳೆದಂತೆ ಬಟ್ಟೆಯೂ ಎಳೆಯಬೇಕು. ಎಳೆಯದ ಬಟ್ಟೆ ಬಿಗಿದು ಕಟ್ಟಿದರೆ ಮೆತ್ತಗಿನ ಪದರಕ್ಕೆ ಕೊಟ್ಟ ದುಡ್ಡು ದಂಡ. ತಳಕ್ಕೆ ಮಾತ್ರ ದಪ್ಪ ಕಾಡಾ ಬಟ್ಟೆ. ಅಣ್ಣ ಅಳತೆ ಟೇಪನ್ನು ಕುತ್ತಿಗೆಯಿಂದ ತೆಗೆದು, ಸೀಮೆಸುಣ್ಣದ ಬಿಲ್ಲೆಯಿಂದ ನೆಲದ ಮೇಲೆಯೇ ಚೌಕ ಎಳೆದರು. ಜಿಪ್ಪನ್ನು ರೋಲಿನಿಂದ ಕತ್ತರಿಸಿದ್ದು 210 ಇಂಚು: ಎರಡು ಉದ್ದದ ಬದಿ, ಒಂದು ಕಾಲಬುಡದ ಬದಿ. ಮೂರೂ ಕಡೆ ಪೂರ್ತಿ ತೆರೆಯದಿದ್ದರೆ ಹಾಳೆ ಒಳಗಿಳಿಸಲು ಬರುವುದಿಲ್ಲ. ಮೂಲೆಗಳಲ್ಲಿ ಜಿಪ್ ತಿರುಗುವಲ್ಲಿ ರನ್ನರ್ ಸಿಕ್ಕಿಕೊಳ್ಳುತ್ತದೆ ಎಂದು ಅವರು ಮೂಲೆಯನ್ನು ಗುಂಡಗೆ ಮಾಡಿದರು, ಒಂದರ ಬದಲು ಎರಡು ರನ್ನರ್ ಹಾಕಿ ಎದುರು ಬದುರು ಓಡಿಸಿದರು. ಹೊಲಿದು ಮುಗಿಸಿ, ಎರಡೂ ರನ್ನರುಗಳನ್ನು ಉದ್ದಕ್ಕೂ ಎಳೆದು ತಂದು ಕಾಲಬುಡದ ನಡುವೆ ಭೇಟಿ ಮಾಡಿಸಿ, “ಕ್ಲೈಮ್ಯಾಕ್ಸ್” ಎಂದರು.

ಹಾಳೆಗಳು ಬಂದದ್ದೂ ಮರಿಯಾನೆಯ ಮೇಲೆಯೇ, ಸುರುಳಿ ಸುತ್ತಿ ಹಗ್ಗ ಕಟ್ಟಿಸಿಕೊಂಡು. ಮೂರನೆಯ ಮಹಡಿಗೆ ಏರಿಸುವಾಗ ಗೊತ್ತಾಯಿತು ಲೇಟೆಕ್ಸಿನ ಸ್ವಭಾವ. ಹನ್ನೆರಡು ಕಿಲೋ ಅಂಥ ಭಾರವೇನಲ್ಲ, ಆದರೆ ಅದಕ್ಕೆ ಮೂಳೆಯಿಲ್ಲ. ನಿದ್ದೆ ಹೋದ ಮಗುವನ್ನು ಎತ್ತಿದ ಹಾಗೆ ಎಲ್ಲ ಕಡೆಯಿಂದಲೂ ಜಾರುತ್ತದೆ. ಅಂಚು ಹಿಡಿದು ಎಳೆದರೆ ಹರಿಯುವ ಭಯ ಬೇರೆ. ಸುರುಳಿಯಾಗಿಯೇ ಹೊತ್ತು ತಂದು ಮಂಚದ ಮೇಲೆ ಬಿಡಿಸಬೇಕು. ಮಂಚಕ್ಕೆ ಮೊದಲು ಪ್ಲೈವುಡ್ಡಿನ ಹಲಗೆಯಿತ್ತು. ಬಡಗಿ ಅದನ್ನು ತೆಗೆದು ಮರದ ಪಟ್ಟಿ ಹೊಡೆದ, ಪಟ್ಟಿಗೂ ಪಟ್ಟಿಗೂ ನಡುವೆ ಎರಡೂವರೆ ಇಂಚು ಬಿಟ್ಟು. ಅಂತರ ಮೂರು ಇಂಚು ಮೀರಿದರೆ ಲೇಟೆಕ್ಸ್ ಸಂದಿನೊಳಗೆ ಇಳಿಯುತ್ತದೆ. ಅಂತರವೇ ಇಲ್ಲದಿದ್ದರೆ ಈ ಊರಿನ ಬೆವರಿಗೆ ತಳದಲ್ಲಿ ಬೂಷ್ಟು. ಪಟ್ಟಿಯ ಮೇಲೆ ತೆಳ್ಳಗಿನ ತೆಂಗಿನ ನಾರಿನ ಹಾಳೆ ಹಾಸಿ, ಅದರ ಮೇಲೆ ಗವಸಿನ ತಳ, ಆಮೇಲೆ 85. ಹಾಳೆ 78 ಇಂಚಿನದಾದ್ದರಿಂದ ತುದಿಯಲ್ಲಿ ಮೂರು ಇಂಚು ಹೆಚ್ಚು. ಮೇಲೊಂದು ರೀಪು ಒತ್ತಿ ಹಿಡಿದು, ಬ್ರೆಡ್ಡು ಕೊಯ್ಯುವ ಹಲ್ಲಿನ ಚೂರಿಯಲ್ಲಿ ಉದ್ದುದ್ದ ಎಳೆದರೆ ಅಂಚು ನೀಟಾಗಿ ಬರುತ್ತದೆ. ಗರಗಸ ಹಾಕಿದವರಂತೆ ಅವಸರ ಮಾಡಬಾರದು, ಅಷ್ಟೆ.

ಮೂರು ಹಾಳೆಯೂ ಕೂತ ಮೇಲೆ, ಜಿಪ್ ಎಳೆಯುವ ಮೊದಲು, ಓಣಿಯವರಿಗೆಲ್ಲ ದರ್ಶನ. ಅಮ್ಮ ಅಂಗೈಯಲ್ಲಿ ಒತ್ತಿ, ಮೂಸಿ ನೋಡಿ, “ನಮ್ಮ ಹಾಲಿನದ್ದೇ ವಾಸನೆ ಉಂಟು” ಎಂದಳು. ಮಾಮಿಗೆ ತೂತುಗಳ ಬಗ್ಗೆ ಅನುಮಾನ, ಜಿರಳೆ ಹೋಗುವುದಿಲ್ಲವೇ ಎಂದು. ಸ್ಟಂಟಿನ ಹಿರಿಯರು ಮುಷ್ಟಿ ಕಟ್ಟಿ ಒಮ್ಮೆ ಗುದ್ದಿದರು. ಕೈ ವಾಪಸು ಬಂತು. ಇನ್ನೊಮ್ಮೆ ಗುದ್ದಿ ತಲೆಯಾಡಿಸಿದರು. ಇದು ಬೀಳಲಿಕ್ಕೆ ಆಗದು, ಬಿದ್ದವನನ್ನು ಎತ್ತಿ ಒಗೆಯುತ್ತದೆ. ಬೀಳುವ ಬೆಡ್ ಪೆಟ್ಟನ್ನು ನುಂಗಬೇಕು, ಇದು ತಿರುಗಿ ಕೊಡುತ್ತದೆ ಎಂದರು. ಮಲಗಲಿಕ್ಕೆ ಅಡ್ಡಿಯಿಲ್ಲ ಎಂದು ಸರ್ಟಿಫಿಕೇಟು ಕೊಟ್ಟು, ಕಾಫಿ ಕುಡಿದು ಹೋದರು.

ಮೊದಲ ವಾರ ನನಗೆ ಸುಖ, ಇವರಿಗೆ ಅಸಮಾಧಾನ. ಇವರು ಅಂಗಾತ ಮಲಗುವವರು, ನನಗಿಂತ ತೂಕ ಜಾಸ್ತಿ. ಸೊಂಟ ಒಳಗೆ ಹೋಗುತ್ತದೆ ಎಂದು ದೂರು. ಅಂಗಡಿಯಿಂದ ತಂದ ಇಡೀ ಹಾಸಿಗೆಯಾಗಿದ್ದರೆ ಇಲ್ಲಿ ಸಂಸಾರದಲ್ಲಿ ಒಬ್ಬರು ತ್ಯಾಗ ಮಾಡಬೇಕಿತ್ತು. ನಾವು ಜಿಪ್ ತೆರೆದೆವು. ಮೇಲಿನ ಎರಡು ಹಾಳೆಗಳನ್ನು ಉದ್ದಕ್ಕೆ ಸರಿಯಾಗಿ ನಡುವೆ ಸೀಳಿ ಮೂವತ್ತು ಮೂವತ್ತು ಇಂಚಿನ ನಾಲ್ಕು ತುಂಡು ಮಾಡಿದೆವು. ನನ್ನ ಬದಿಗೆ 65 ಮೇಲೆ, 75 ಕೆಳಗೆ. ಇವರ ಬದಿಗೆ 75 ಮೇಲೆ, 65 ಕೆಳಗೆ. ದಪ್ಪ ಎರಡಕ್ಕೂ ಒಂದೇ, ನಡುವೆ ಮೆಟ್ಟಿಲು ಬರುವುದಿಲ್ಲ. ಮೇಲಿನ ಬನಿಯನ್ ಬಟ್ಟೆ ಒಂದೇ ಆದ್ದರಿಂದ ಸೀಳಿದ ಗೆರೆ ಮೈಗೆ ತಾಗುವುದೂ ಇಲ್ಲ. ಖರ್ಚು ಸೊನ್ನೆ. ಈಗ ಅವರು ಹೊರಳಿದರೆ ನನ್ನ ಬದಿ ಅಲುಗುವುದೂ ಕಡಿಮೆ. ಅಮ್ಮ ಬಂದಾಗ ಗಟ್ಟಿ ಬೇಕೆಂದರೆ, ನನ್ನ ಬದಿಯ ಎರಡು ತುಂಡುಗಳನ್ನು ಅದಲು ಬದಲು ಮಾಡಿದರಾಯಿತು.

ಈ ಹಾಸಿಗೆಯ ಆರೈಕೆಯಲ್ಲಿ ಅಮ್ಮನಿಗೆ ಒಪ್ಪಿಗೆಯಾಗದ ಸಂಗತಿ ಒಂದೇ. ಹಾಸಿಗೆ ಎಂದರೆ ಮಳೆಗಾಲ ಕಳೆದ ಕೂಡಲೇ ಬಿಸಿಲಿಗೆ ಹಾಕಬೇಕು, ಕೋಲಿನಲ್ಲಿ ಬಡಿಯಬೇಕು. ಮಾಮಿಯೂ ಅದೇ ಪಂಥ. ಅವರ ಮದುವೆಯ ಹಾಸಿಗೆ ಪ್ರತಿ ಪೊಂಗಲ್ಲಿಗೆ ಮುಂಚೆ ಮೊಟ್ಟೈಮಾಡಿಯಲ್ಲಿ, ತಾರಸಿಯ ಮೇಲೆ, ಬಿದ್ದಿರುತ್ತದೆ. ಲೇಟೆಕ್ಸಿಗೆ ಬಿಸಿಲೇ ಶತ್ರು. ಸೂರ್ಯನ ಅತಿನೇರಳೆ ಕಿರಣ ರಬ್ಬರಿನ ಸರಪಳಿಯನ್ನು ಕಡಿಯುತ್ತದೆ. ಹಾಳೆ ಮೊದಲು ಹಳದಿ, ಆಮೇಲೆ ಗಡುಸು, ಕೊನೆಗೆ ಬೆರಳಲ್ಲಿ ಉಜ್ಜಿದರೆ ಪುಡಿ. ಕಿಟಕಿಯ ಬಿಸಿಲು ದಿನವೂ ಒಂದೇ ಮೂಲೆಗೆ ಬಿದ್ದರೂ ಆ ಮೂಲೆ ಮೊದಲು ಹೋಗುತ್ತದೆ. ಗವಸು ಬಿಚ್ಚಿ ಒಗೆಯಬಹುದು. ಹಾಳೆಗಳನ್ನು ನೆರಳಿನಲ್ಲಿ, ಫ್ಯಾನಿನಡಿ ಒಂದು ಮಧ್ಯಾಹ್ನ ಹರಡಿದರೆ ಸಾಕು. ನೀರು ಮಾತ್ರ ತಾಗಕೂಡದು. 2015ರ ಡಿಸೆಂಬರಿನಲ್ಲಿ ಅಡ್ಯಾರ್ ನದಿ ಉಕ್ಕಿ ಇಳಿದ ಮೇಲೆ ಅಶೋಕನಗರ, ಜಾಫರ್‌ಖಾನ್‌ಪೇಟೆಯ ಬೀದಿಗಳ ಇಕ್ಕೆಲದಲ್ಲಿ ಆಳೆತ್ತರ ಬಿದ್ದಿದ್ದವು ನೆನೆದ ಹಾಸಿಗೆಗಳು. ಹತ್ತಿಯದು, ಫೋಮಿನದು, ನಾರಿನದು, ಎಲ್ಲ ಒಂದೇ ಬಣ್ಣ. ನೀರು ಕುಡಿದ ಹಾಸಿಗೆಯನ್ನು ನಾಲ್ಕು ಜನ ಸೇರಿದರೂ ಮಗ್ಗುಲು ಮಾಡಲಾಗುತ್ತಿರಲಿಲ್ಲ. ಆ ಸಲ ಕೆಳಮಹಡಿಯವರು ಕಳೆದುಕೊಂಡದ್ದರಲ್ಲಿ ಫ್ರಿಜ್ಜು, ಟಿವಿಗಳ ಪಟ್ಟಿಯಿತ್ತು. ಹಾಸಿಗೆಗಳನ್ನು ಯಾರೂ ಪಟ್ಟಿಗೆ ಸೇರಿಸಿದ್ದು ಕಾಣೆ. ಪದರಗಳಾಗಿದ್ದರೆ ಸುರುಳಿ ಸುತ್ತಿ ಅಟ್ಟಕ್ಕೇರಿಸಲು ಒಬ್ಬರು ಸಾಕು. ಇದು ಯಾವ ಜಾಹೀರಾತಿನಲ್ಲೂ ಇಲ್ಲ, ಆದರೆ ಈ ಊರಿನವರಿಗೆ ಇದೇ ಮುಖ್ಯ.

ತುದಿಯಲ್ಲಿ ಕೊಯ್ದ ಮೂರು ಇಂಚಿನ ಪಟ್ಟಿಗಳು ಮನೆಯಲ್ಲಿ ಬಹಳ ದಿನ ಉಳಿಯಲಿಲ್ಲ. ಒಂದನ್ನು ಟೈಲರ್ ಅಣ್ಣ ಕತ್ತರಿಸಿ ತಮ್ಮ ಸ್ಟೂಲಿಗೆ ಹೊಲಿದುಕೊಂಡರು. ಒಂದು ಅಮ್ಮನ ಮೊಣಕಾಲಿನ ಅಡಿಗೆ. ಮಾಮಿಗೆ ಈಗ ಹೊಸ ಯೋಚನೆ ಬಂದಿದೆ; ಮದುವೆಯ ಹಾಸಿಗೆಯ ಮೇಲೆ ಒಂದೇ ಒಂದು 65ರ ಹಾಳೆ ಹಾಸಿದರೆ ಆದೀತೇ ಎಂದು ನನ್ನನ್ನು ಕೇಳುವ ಬದಲು ಅಮ್ಮನನ್ನು ಕೇಳುತ್ತಾರೆ. ಇಬ್ಬರಿಗೂ ಪರಸ್ಪರರ ಭಾಷೆ ಅರ್ಧಂಬರ್ಧ. ಆದರೂ ಗ್ಯಾರಂಟಿ, ತೂಕ, ದರ ಎಲ್ಲ ಚರ್ಚೆಯಾಗಿದೆ.

ದರದ ವಿಷಯ ಅಮ್ಮನ ಬಾಯಿಂದ ಫೋನಿನಲ್ಲಿ ಊರಿಗೂ ಹೋಯಿತು. ಅಪ್ಪ ನನ್ನನ್ನು ಕರೆದು ಮಾತಾಡಿದರು. ಒಟ್ಟು ತೂಕ ಎಷ್ಟು? 33 ಕಿಲೋ. ಕೊಟ್ಟದ್ದು ಎಷ್ಟು? ಹೇಳಿದೆ. ಆಚೆಯಿಂದ ಸ್ವಲ್ಪ ಹೊತ್ತು ಲೆಕ್ಕದ ಗೊಣಗು. ಒಂದು ಮರ ಒಂದು ಬೆಳಿಗ್ಗೆ ಕೊಡುವುದು ಒಣ ರಬ್ಬರಿನ ಲೆಕ್ಕದಲ್ಲಿ ಮೂವತ್ತು ಚಿಲ್ಲರೆ ಗ್ರಾಮು. ಅಂದರೆ ನಿಮ್ಮ ಹಾಸಿಗೆಗೆ ಸಾವಿರ ಗೆರಟೆ ಹಾಲು ಬೇಕು ಎಂದರು. ಸಾವಿರ ಗೆರಟೆ ಹಾಲಿಗೆ ಸುಳ್ಯದ ಅಂಗಡಿಯವರು ಎಷ್ಟು ಕೊಡುತ್ತಾರೆ ಎಂದು ಅದನ್ನೂ ಹೇಳಿದರು. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಅಪ್ಪನಿಗೆ ಹಾಸಿಗೆಯಲ್ಲಿ ಆಸಕ್ತಿ ಹೊರಟುಹೋಯಿತು. “ಆ ಗೋದಾಮಿನವರ ನಂಬರ್ ಉಂಟಾ?” ಎಂದು ಕೇಳಿದರು. “ಅವರಿಗೆ ಹಾಲು ಎಲ್ಲಿಂದ ಬರುವುದು ಅಂತ ಒಮ್ಮೆ ಕೇಳು. ನಮ್ಮಲ್ಲಿ ಬ್ಯಾರಲ್ ಖಾಲಿ ಬಿದ್ದಿದೆ.”